ಹಲಸೂರು ಛೀ ಡಾಟ್ ಕಾಮ್

ರಾತ್ರಿ ಹನ್ನೊಂದೂವರೆ. ಮನೇಲಿ ಎಲ್ಲರೂ ಮಲಗಿದ್ದಾರೆ. ನೀವೊಬ್ಬರು ಮಾತ್ರ ಮೊಬೈಲ್ ಬೆಳಕಿಗೆ ಮುಖ ಒಡ್ಡಿಕೊಂಡು ಏನೋ ಟೈಪ್ ಮಾಡ್ತಾ ಇದ್ದೀರಿ. "ಆಫೀಸ್ ಕೆಲಸ" ಅಂತ ಮನೆಯವರಿಗೆ ಹೇಳಿದ್ದೀರಂತೆ. ಯಾಕ್ರೀ ಸುಳ್ಳು? ಡೊಮೈನ್ ಹೆಸರು ಖಾಲಿ ಇದೆಯಾ ಅಂತ ಹುಡುಕ್ತಾ ಇದ್ದೀರಿ. ನನಗೆ ಗೊತ್ತು ಬಿಡಿ.

ಆಗಿದ್ದು ಇಷ್ಟೇ ತಾನೆ? ಶಿರಸಿ ಕಡೆಯ ನಿಮ್ಮ ದೊಡ್ಡಮ್ಮ ಮಾಡಿಕೊಟ್ಟ ಹಲಸಿನ ಹಪ್ಪಳ ಆಫೀಸಿಗೆ ತಗೊಂಡು ಹೋದ್ರಿ. ಯಾರೋ ಒಬ್ಬರು ಬಾಯಿ ಚಪ್ಪರಿಸಿಕೊಂಡು "ಇದನ್ನ ಆನ್‌ಲೈನಲ್ಲಿ ಮಾರಬಹುದಲ್ವಾ ಸಾರ್" ಅಂದ್ರು. ಅವರು ಕೈ ಒರೆಸಿಕೊಂಡು ಹೋದ್ರು, ನಿಮಗೆ ನಿದ್ದೆ ಹೋಯ್ತು. ಇನ್ನು ಒಂದು ವೆಬ್‌ಸೈಟ್ ಮಾಡಲೇಬೇಕು, ಅದರಲ್ಲಿ ಹಲಸಿನ ಹಪ್ಪಳ ಬಿಟ್ಟು ಬೇರೇನೂ ಇರಬಾರದು. (ಇಂಥ ಸಣ್ಣ ವಿಷಯದ ಸೈಟಿಗೆ ನಿಶ್ ಸೈಟ್ ಅಂತಾರೆ. ನೀವು ಅದನ್ನ "ನಿಚ್ಚೆ" ಅಂತ ಓದಿದ್ದನ್ನ ನಾನು ಯಾರಿಗೂ ಹೇಳಲ್ಲ.)

ಸರಿ, ಹಪ್ಪಳ ಎಷ್ಟು ರೆಡಿ ಇದೆ? ಒಂದೂ ಇಲ್ಲ. ಫೋಟೊ? ಇಲ್ಲ. ದೊಡ್ಡಮ್ಮನ್ನ ಒಂದು ಮಾತು ಕೇಳಿದ್ರಾ? ಅದೂ ಇಲ್ಲ. ಹೆಸರುಗಳು ಮಾತ್ರ ಡೈರಿಯ ಎರಡು ಪುಟ ತುಂಬಿವೆ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಹಿರಿಯರು ಆಡಿಕೊಂಡಿದ್ದು ಒಂದು ಕುಲಾವಿ ಹೊಲಿಸಿದವರನ್ನ. ನೀವು ಕುಲಾವಿ ಅಂಗಡೀನೇ ತೆಗೆದು ಕೂತಿದ್ದೀರಿ.

ಇದಕ್ಕೆಲ್ಲ ಕಾರಣ ನಿಮ್ಮ ಅಣ್ಣನ ಮಗ. ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಸೇರಿದ್ದಾನಲ್ಲ, ಅವನೇ. "ಚಿಕ್ಕಪ್ಪಾ, ಹೆಸರಲ್ಲೇ ಕೀವರ್ಡ್ ಇರ್ಬೇಕು. ಜನ ಗೂಗಲ್‌ನಲ್ಲಿ ಏನಂತ ಟೈಪ್ ಮಾಡ್ತಾರೋ ಅದೇ ನಿಮ್ಮ ಡೊಮೈನ್ ಆಗ್ಬೇಕು. ಆಗ ಫಸ್ಟ್ ಪೇಜ್ ಗ್ಯಾರಂಟಿ" ಅಂದ. ನೀವು ಅವತ್ತಿನಿಂದ ಹುಡುಗನಿಗೆ ಎರಡು ಸಲ ಮಸಾಲೆ ದೋಸೆ ಕೊಡಿಸಿದ್ದೀರಿ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ, ಒಂದಿಷ್ಟು ಹಳಸಿದೆ ಅಷ್ಟೇ. ಒಂದು ಕಾಲದಲ್ಲಿ ಆ ಉಪಾಯ ನಡೀತಿತ್ತು. ಹುಡುಕೋ ಪದಗಳನ್ನೇ ಒಟ್ಟಿಗೆ ಅಂಟಿಸಿ ಡೊಮೈನ್ ಮಾಡಿ, ಒಳಗಡೆ ನಾಲ್ಕು ಸಾಲು ಕಸ ಬರೆದು, ಸುತ್ತ ಜಾಹೀರಾತು ಹಚ್ಚಿ ಕೂತವರು ಚೆನ್ನಾಗೇ ದುಡ್ಡು ಮಾಡಿದ್ರು. 2012ರ ಸೆಪ್ಟೆಂಬರ್ ಕೊನೇಲಿ ಗೂಗಲ್ ಇದಕ್ಕೆ ಕತ್ತರಿ ಹಾಕ್ತು. ಆಗ ಅಲ್ಲಿ ಸ್ಪ್ಯಾಮ್ ತಡೆಯೋ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ಟ್ವಿಟರ್‌ನಲ್ಲಿ ಸುದ್ದಿ ಹಾಕಿದ್ರು: ಹೆಸರು ಸರಿಯಾಗಿ ಹೊಂದುತ್ತೆ, ಆದ್ರೆ ಒಳಗೆ ಹುರುಳಿಲ್ಲ ಅನ್ನೋ ಸೈಟುಗಳು ಇನ್ನು ಮೇಲೆ ಕೆಳಗೆ ಹೋಗ್ತವೆ ಅಂತ.

ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇಕಡಾ 0.6ರಷ್ಟಕ್ಕೆ ಅದರ ಬಿಸಿ ತಟ್ಟುತ್ತೆ ಅಂತಲೂ ಹೇಳಿದ್ರು. ಕೇಳೋಕೆ ಚಿಲ್ಲರೆ ಲೆಕ್ಕ. ಆ ಚಿಲ್ಲರೆಯಲ್ಲೇ ಬದುಕ್ತಿದ್ದವರನ್ನ ಕೇಳಬೇಕು! ಈಗಂತೂ ಗೂಗಲ್ ತನ್ನ ಕೈಪಿಡಿಯಲ್ಲೇ ಬರೆದಿಟ್ಟಿದೆ, ಬರೀ ಡೊಮೈನ್ ಹೆಸರಲ್ಲಿ ಕೀವರ್ಡ್ ಇದ್ದ ಮಾತ್ರಕ್ಕೆ ಹೆಚ್ಚೇನೂ ಆಗಲ್ಲ ಅಂತ. (ಹುಡುಗನ ಕೋರ್ಸ್ ಫೀಸು ವಾಪಸ್ ಬರುತ್ತಾ? ನನ್ನನ್ನ ಕೇಳಬೇಡಿ.)

ಹಾಗಾದ್ರೆ ಕೀವರ್ಡ್ ದಂಡನಾ? ತಾಳಿ, ಮುಖ ಸಣ್ಣ ಮಾಡ್ಕೋಬೇಡಿ. ಗೂಗಲ್‌ಗೆ ಬೇಡದಿದ್ರೂ ಮನುಷ್ಯರಿಗೆ ಬೇಕು. ಮೈಸೂರು ಸ್ಯಾಂಡಲ್ ಸೋಪು ತಗೊಳ್ಳಿ. ಊರು, ಮಾಲು, ವಸ್ತು, ಮೂರೂ ಹೆಸರಲ್ಲೇ ಇವೆ. ಇಂಟರ್ನೆಟ್ ಅಂದ್ರೇನು ಅಂತ ಯಾರಿಗೂ ಗೊತ್ತಿಲ್ಲದ ನಾಲ್ವಡಿಯವರ ಕಾಲದಲ್ಲೇ ನಮ್ಮ ಸಂಸ್ಥಾನದವರು ಅಪ್ಪಟ ಕೀವರ್ಡ್ ಹೆಸರು ಇಟ್ಟುಬಿಟ್ಟಿದ್ರು. ಮಾವಳ್ಳಿ ಟಿಫಿನ್ ರೂಮ್ ಕೂಡ ಅಂಥದ್ದೇ: ಎಲ್ಲಿ, ಏನು, ಎಂಥ ಜಾಗ, ಎಲ್ಲ ಹೇಳಿ ಮುಗಿಸುತ್ತೆ. (ಅವರು 1924ರಲ್ಲಿ ಶುರು ಮಾಡಿದ್ದು ಬೇರೆ ಹೆಸರಲ್ಲಿ. ಹೆಸರು ಬದಲಾಯಿಸಿಯೂ ಬದುಕಬಹುದು, ಗಮನಿಸಿ.)

ಅಲ್ಲಿಂದ ಗಾಂಧಿಬಜಾರಿಗೆ ಬನ್ನಿ. ವಿದ್ಯಾರ್ಥಿ ಭವನ, 1943ರದ್ದು. ಹೆಸರು ಕೇಳಿದ್ರೆ ಹಾಸ್ಟೆಲ್ ಅನ್ಕೋಬೇಕು. ದೋಸೆ ಅನ್ನೋ ಪದ ಬೋರ್ಡಿನ ಹತ್ತಿರಕ್ಕೂ ಸುಳಿದಿಲ್ಲ. ಆದ್ರೂ ಭಾನುವಾರ ಬೆಳಗ್ಗೆ ಫುಟ್‌ಪಾತಲ್ಲಿ ನಿಂತು ನಿಮ್ಮ ಹೆಸರು ಯಾವಾಗ ಕೂಗ್ತಾರೋ ಅಂತ ಕಾಯೋರು ಯಾರು? ನೀವೇ. ಯಾವ ಕೀವರ್ಡ್ ಹಾಕಿ ಹುಡುಕಿಕೊಂಡು ಹೋದ್ರಿ, ಸ್ವಲ್ಪ ಹೇಳಿ ನೋಡೋಣ?

ಕನ್ನಡದ ಸೈಟುಗಳನ್ನೇ ನೋಡಿ. 1996ರ ವಿಶ್ವಕನ್ನಡ ಹೆಸರಲ್ಲೇ ಕನ್ನಡ ಇಟ್ಕೊಂಡು ಬಂತು. ಆಮೇಲೆ ಬಂದ ಸಂಪದ, ಕೆಂಡಸಂಪಿಗೆ, ಅವಧಿ? ಯಾವ ಕೀವರ್ಡೂ ಇಲ್ಲ, ಓದೋರು ಓದಿದ್ರು. ಅಲರ್ ಡಾಟ್ ಇಂಕ್ ಅಂತ ಒಂದಿದೆ ಗೊತ್ತಾ? ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ಹೆಸರಲ್ಲಿ ನಿಘಂಟೂ ಇಲ್ಲ, ಕನ್ನಡಾನೂ ಇಲ್ಲ, ಡಾಟ್ ಕಾಮೂ ಇಲ್ಲ. ಪದ ಬೇಕಾದವರು ಅಲ್ಲಿಗೇ ಹೋಗ್ತಾರೆ.

ಇಷ್ಟು ಹೇಳಿದ್ರೂ ನೀವು ಕೇಳಲ್ಲ ಬಿಡಿ. ಮತ್ತೆ ಆ ಬಾಕ್ಸಲ್ಲಿ "ಹಲಸು" ಅಂತ ಹೊಡೆದ್ರಿ. ಡಾಟ್ ಕಾಮ್‌ನಲ್ಲೇ 15 ಕೋಟಿಗೂ ಹೆಚ್ಚು ಹೆಸರುಗಳು ಹೋಗಿವೆ ಕಣ್ರೀ, ಒಂದು ಪದದ್ದು ನಿಮಗೋಸ್ಕರ ಕಾದು ಕೂತಿರುತ್ತಾ? 2010ರಲ್ಲಿ ಇನ್ಶೂರೆನ್ಸ್ ಡಾಟ್ ಕಾಮ್ 3.56 ಕೋಟಿ ಡಾಲರ್‌ಗೆ ಮಾರಾಟ ಆಯ್ತು. ಆ ದುಡ್ಡಿಗೆ ಶಿರಸಿ ಸೀಮೆಯ ಹಲಸೆಲ್ಲ ಗುತ್ತಿಗೆ ಹಿಡಿಯಬಹುದಿತ್ತು.

ಆ ಹೆಸರು ಇಲ್ಲ ಅಂದ್ರೆ ಡೊಮೈನ್ ಮಾರೋನು ಸುಮ್ನೆ ಬಿಡ್ತಾನಾ? ಮೈಹಲಸು, ದಿಹಲಸು, ಗೆಟ್‌ಹಲಸು, ಹಲಸುಆನ್‌ಲೈನ್ ಅಂತ ಸಾಲಾಗಿ ಮುಂದಿಡ್ತಾನೆ. ಕೊನೇಲಿ ಒಂದು "ಡಾಟ್ ಗುರು" ತೋರಿಸ್ತಾನೆ. ಹಲಸು ಡಾಟ್ ಗುರು! ದಿನಕ್ಕೆ ನೂರು ಸಲ "ಏನ್ ಗುರು" ಅನ್ನೋ ನಿಮ್ಮಂಥ ಬೆಂಗಳೂರಿನವರಿಗೆ ಕೈ ತಡೆಯುತ್ತಾ? ಅದು ಆಗಲೇ ಕಾರ್ಟಲ್ಲಿ ಬಿದ್ದಿದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದ ರಿನ್ಯೂವಲ್ ರೇಟು ನೋಡಿದ್ರಾ? ಮೊದಲ ವರ್ಷದ ಆಫರ್ ರೇಟಿಗೂ ಎರಡನೇ ವರ್ಷದ ಬಿಲ್ಲಿಗೂ ಎಷ್ಟೋ ಸಲ ಪರಿಚಯವೇ ಇರಲ್ಲ.

ಇಷ್ಟಾದ ಮೇಲೆ ನಿಮ್ಮ ತಲೆಗೊಂದು ಅದ್ಭುತ ಹೊಳೀತು. ಹಲಸು ಪ್ಲಸ್ ರುಚಿ. ಹಲಸುರುಚಿ ಡಾಟ್ ಕಾಮ್! ಕೀವರ್ಡೂ ಇದೆ, ಕನ್ನಡವೂ ಇದೆ, ಪ್ರಾಸ ಒಂದು ಕಡಿಮೆ. ಮಧ್ಯರಾತ್ರಿ ಎದ್ದು ಕೂತು ನಿಮ್ಮ ಬೆನ್ನು ನೀವೇ ತಟ್ಟಿಕೊಂಡ್ರಿ. ಈಗ ಒಂದು ಕೆಲಸ ಮಾಡಿ. ಡೊಮೈನಲ್ಲಿ ಜಾಗ ಬಿಡೋ ಹಾಗಿಲ್ಲ ಅಲ್ವಾ? ಅದನ್ನ ಇಂಗ್ಲಿಷ್ ಅಕ್ಷರದಲ್ಲಿ, ಒಂದಕ್ಕೊಂದು ತಾಗಿಸಿ, ಹಾಳೆ ಮೇಲೆ ಬರೆದು ಗೊತ್ತಿಲ್ಲದವರ ಕೈಲಿ ಓದಿಸಿ.

ಮೊದಲನೆಯವರು ಏನು ಓದ್ತಾರೆ ಹೇಳ್ಲಾ? "ಹಳಸು ರುಚಿ." ಯಾಕಂದ್ರೆ ಇಂಗ್ಲಿಷಿನಲ್ಲಿ ಲಕಾರಕ್ಕೂ ಳಕಾರಕ್ಕೂ ಇರೋದು ಒಂದೇ ಎಲ್. ತಿನ್ನೋ ಪದಾರ್ಥ ಮಾರೋಕೆ ಹೊರಟವರು ಬಾಗಿಲಲ್ಲೇ ಹಳಸಿದೆ ಅಂತ ಬೋರ್ಡು ಹಾಕಿದ ಹಾಗಾಯ್ತು. ಎರಡನೆಯವರು ಇನ್ನೂ ಚುರುಕು. ಅವರು ತುಂಡು ಮಾಡೋ ಜಾಗವೇ ಬೇರೆ. "ಹಲಸೂರು... ಛೀ!" (ಅಲ್ಲಿನ ಕೆರೆ ವಾಸನೆ ಬಗ್ಗೆ ಯಾರೋ ದೂರು ಕೊಡೋಕೆ ಮಾಡಿದ ಸೈಟು ಅನ್ಕೊಂಡ್ರಂತೆ.)

ನಗಬೇಡಿ, ನಿಮ್ಮೊಬ್ಬರದ್ದೇ ಹಣೆಬರಹ ಅಲ್ಲ. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಅಂತ ಕಂಪ್ಯೂಟರ್ ತಂತ್ರಜ್ಞರ ಪ್ರಶ್ನೋತ್ತರದ ಸೈಟಿದೆ. ಎರಡು ಪದ ಅಂಟಿಸಿದಾಗ ನಡುವಿನ ಎಸ್ ಹಿಂದಕ್ಕೆ ಸೇರೋ ಬದಲು ಮುಂದಕ್ಕೆ ಸೇರಿಬಿಡ್ತು. ಗಂಭೀರವಾದ ಸೈಟು ಲೋಕದ ಬಾಯಲ್ಲಿ ಜೋಕಾಯ್ತು. ಆಮೇಲೆ ಅವರು ನಡುವೆ ಒಂದು ಡ್ಯಾಶ್ ಹಾಕ್ಕೊಂಡ್ರು. (ಹೇಗೆ ಓದುತ್ತೆ ಅಂತ ನೀವೇ ಬರೆದು ನೋಡ್ಕೊಳ್ಳಿ. ಮಕ್ಕಳು ಎದುರಿಗಿದ್ರೆ ಬೇಡ.)

"ಹಾಗಾದ್ರೆ ನಾನೂ ಡ್ಯಾಶ್ ಹಾಕ್ತೀನಿ" ಅಂತೀರಿ. ಹಾಕಿ. ಹೆಸರಿನ ಮೊದಲಿಗೂ ಕೊನೆಗೂ ಅಲ್ಲ, ನಡುವೆ ಮಾತ್ರ ಹಾಕಬಹುದು. ಒಂದು ಹೆಸರು 63 ಅಕ್ಷರದವರೆಗೆ ಹೋಗಬಹುದು, ಅಷ್ಟರೊಳಗೆ ನಿಮ್ಮ ಕುಲದೇವರು, ಗೋತ್ರ ಎಲ್ಲ ಸೇರಿಸಿಕೊಳ್ಳಿ ಬೇಕಾದ್ರೆ. ಆಮೇಲೆ ಯಾವುದಾದ್ರೂ ಮದುವೆ ಮನೇಲಿ, ಊಟದ ಪಂಕ್ತಿಯಲ್ಲಿ ಪಕ್ಕ ಕೂತ ನಿಮ್ಮ ಸೋದರಮಾವನಿಗೆ ಆ ಹೆಸರು ಬರೆಸಿ ನೋಡಿ.

"ಮಾವ, ಬರ್ಕೊಳ್ಳಿ. ಎಚ್, ಎ, ಎಲ್..."

"ಎಚ್ಎಎಲ್ಲಾ? ಅಲ್ಲಿಂದ ರಿಟೈರಾಗಿ ಯಾವ ಕಾಲ ಆಯ್ತೋ ಮಾರಾಯ."

"ಅದಲ್ಲ ಮಾವ. ಹಲಸಿನದು. ಎಚ್ ಎ ಎಲ್ ಎ ಎಸ್ ಐ ಎನ್ ಎ, ಡ್ಯಾಶ್..."

"ಡ್ಯಾಶ್ ಅಂದ್ರೆ? ಬಿಟ್ಟ ಸ್ಥಳ ನಾನು ತುಂಬ್ಕೋಬೇಕಾ?"

"ಅಡ್ಡಗೆರೆ ಮಾವ. ಆಮೇಲೆ ಎಚ್ ಎ, ಎರಡು ಪಿ..."

"ಎರಡು ಬಿ?"

"ಪಿ ಮಾವ, ಪಿ. ಪಾಯಸದ ಪಿ."

"ಹಾಂ, ಪಾಯಸ ಬಂತು ನೋಡು, ಎಲೆ ಸರಿ ಮಾಡ್ಕೋ. ಆ ಸೈಟು ಗೀಟು ಎಲ್ಲ ಬೇಡ, ಹಪ್ಪಳ ಇದ್ರೆ ಎರಡು ಕಟ್ಟು ಮನೆಗೆ ಕೊಟ್ಟು ಹೋಗು."

ನೋಡಿದ್ರಾ? ನಿಮ್ಮ ಮೊದಲ ಗಿರಾಕಿ ಸೈಟಿಲ್ಲದೆಯೇ ಆರ್ಡರ್ ಕೊಟ್ಟ. ನೀವು ಅದನ್ನ ಬರ್ಕೊಳ್ಳಲಿಲ್ಲ, "ಅಂಡರ್‌ಸ್ಕೋರ್ ಹಾಕಿದ್ರೆ ಹೇಗೆ" ಅಂತ ಯೋಚನೆ ಮಾಡ್ತಾ ಕೂತಿದ್ರಿ. (ಡೊಮೈನ್ ಹೆಸರಿಗೆ ಅಂಡರ್‌ಸ್ಕೋರ್ ಹಾಕೋಕೆ ಬರಲ್ಲ. ಅಕ್ಷರ, ಅಂಕಿ, ಡ್ಯಾಶ್, ಮುಗೀತು.)

ಇನ್ನು ಬಾಲದ ವಿಚಾರ. ಡಾಟ್ ಕಾಮ್ ಸಿಗದಿದ್ರೆ ಡಾಟ್ ಇನ್. ಅದು 2005ರಿಂದ ಎಲ್ಲರಿಗೂ ಸಲೀಸಾಗಿ ಸಿಗ್ತಾ ಇದೆ, ಅಡ್ಡಿಯಿಲ್ಲ. ಆದ್ರೆ ನಿಮ್ಮ ಕಣ್ಣು ಡಾಟ್ ಎಐ ಮೇಲೆ. ಹಪ್ಪಳಕ್ಕೆ ಎಐ ಯಾಕ್ರೀ? ಅದು ನಿಜವಾಗಿ ಕೆರಿಬಿಯನ್ ಸಮುದ್ರದ ಅಂಗ್ವಿಲ್ಲಾ ದ್ವೀಪಕ್ಕೆ ಕೊಟ್ಟ ಬಾಲ. ಡಾಟ್ ಟಿವಿ ತುವಾಲು ಅನ್ನೋ ಪುಟ್ಟ ದೇಶದ್ದು. ನೀವು ಹಪ್ಪಳ ಮಾರಿ ಮೊದಲು ಉದ್ಧಾರ ಮಾಡೋದು ಯಾರೋ ದ್ವೀಪದವರನ್ನ.

ಇಲ್ಲ, ನನಗೆ ಅಚ್ಚಗನ್ನಡವೇ ಬೇಕು ಅಂತೀರಾ? ಸಂತೋಷ. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಇದೆ. ಹೆಸರೂ ಕನ್ನಡ, ಬಾಲವೂ ಕನ್ನಡ, ಲಳದ ಕಾಟ ಇಲ್ಲ, ಹಲಸು ಹಲಸಾಗೇ ಇರುತ್ತೆ. ನನ್ನ ಓಟು ನಿಜವಾಗಿಯೂ ಇದಕ್ಕೇ ಬೀಳಬೇಕಿತ್ತು. ಆದ್ರೆ ಒಳಗಡೆ ಯಂತ್ರ ಇದನ್ನ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಕೊಳ್ಳುತ್ತೆ. ನಮ್ಮ "ಭಾರತ" ಅದರ ಲೆಕ್ಕದಲ್ಲಿ ಎಕ್ಸ್, ಎನ್, ಡ್ಯಾಶ್, ಡ್ಯಾಶ್, 2, ಎಸ್, ಸಿ, ಆರ್, ಜೆ, 9, ಸಿ. ಕೆಲವು ಕಡೆ ಲಿಂಕ್ ಪೇಸ್ಟ್ ಮಾಡಿದ್ರೆ ಈ ಅವತಾರದಲ್ಲೇ ಪ್ರತ್ಯಕ್ಷ ಆಗುತ್ತೆ. ಅದನ್ನ ವಾಟ್ಸಾಪಲ್ಲಿ ಕಳಿಸಿದ್ರೆ ಅತ್ತಿಗೆ "ಏನಪ್ಪಾ, ನಿನ್ನ ನಂಬರ್ ಹ್ಯಾಕ್ ಆಗಿದೆ" ಅಂತ ಫೋನ್ ಮಾಡ್ತಾರೆ. ಮೊದಲ ಹೆಸರಾಗಿ ಬೇಡ, ಎರಡನೇ ಹೆಸರಾಗಿ ಇಟ್ಕೊಂಡು ಅಲ್ಲಿಂದ ನಿಮ್ಮ ಮೊದಲ ಹೆಸರಿಗೆ ದಾರಿ ಕೊಡಿ.

ನಿಮ್ಮ ಇನ್ನೊಂದು ಚಾಳಿ ಹೇಳಿಬಿಡ್ತೀನಿ, ಬೇಜಾರು ಮಾಡ್ಕೋಬೇಡಿ. ಯಾವುದೋ ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ ನೋಡಿದ್ರಲ್ವಾ? ನೋಡಿದ್ರಿ, ನೋಡಿದ್ರಿ. ಸತ್ಯಂ ಇನ್ಫೊವೇ ಅನ್ನೋ ಕಂಪನಿ "ಸಿಫಿ" ಅಂತ ಹೆಸರು ಟಂಕಿಸಿ ಡೊಮೈನ್‌ಗಳನ್ನ ತಗೊಂಡಿತ್ತು. ಇನ್ನೊಬ್ಬರು ಒಂದು ಎಫ್ ಇದ್ದ ಕಡೆ ಎರಡು ಎಫ್ ಹಾಕಿ ತಮ್ಮದೊಂದು ಶುರು ಮಾಡಿದ್ರು. ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ತಡೆ ಸಿಕ್ತು, ಹೈಕೋರ್ಟಿನಲ್ಲಿ ಬಿದ್ದುಹೋಯ್ತು, ಕೊನೆಗೆ 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡಿಯಿತು. ಟ್ರೇಡ್‌ಮಾರ್ಕಿಗೆ ಇರೋ ರಕ್ಷಣೆ ಡೊಮೈನ್ ಹೆಸರಿಗೂ ಉಂಟು ಅಂತ ಈ ದೇಶದಲ್ಲಿ ಗಟ್ಟಿಯಾಗಿದ್ದು ಒಂದು ಎಫ್ ದೆಸೆಯಿಂದ.

ಇದಕ್ಕೆ ಹೋಲಿಸಿದ್ರೆ "ಹಲಸು" ಅನ್ನೋದು ಎಲ್ಲರ ಸೊತ್ತು. ಅದನ್ನ ಹೆಸರಲ್ಲಿ ಇಟ್ಕೊಂಡ್ರೆ ಯಾರೂ ನೋಟಿಸ್ ಕಳಿಸಲ್ಲ. ನಾಳೆ ಪಕ್ಕದ ಮನೆಯವನೂ ಹಲಸು ಅಂತ ಇಟ್ರೆ ನೀವೂ ಕಳಿಸೋ ಹಾಗಿಲ್ಲ! ಕೀವರ್ಡ್ ಹೆಸರಿನ ಈ ಕುಂದು ನಿಮ್ಮ ಹುಡುಗ ಹೇಳಿರಲ್ಲ. ಸಾಮಾನ್ಯ ಪದ ಹತ್ತಿರದವರಿಗೆಲ್ಲ ಹಂಚಿ ಹೋಗುತ್ತೆ, ಗಿರಾಕಿ ನಿಮ್ಮ ಹಪ್ಪಳ ತಿಂದು ಮೆಚ್ಚಿ ಮರುವಾರ ಇನ್ಯಾರದೋ ಸೈಟಿಗೆ ದುಡ್ಡು ಕಟ್ಟಿ ಬರ್ತಾನೆ.

ಇನ್ನೊಂದು ಕುಂದು, ಹೆಸರು ಕಾಲಿಗೆ ತೊಡಕೋದು. ಇವತ್ತು ಹಲಸಿನ ಹಪ್ಪಳ ಮಾತ್ರ ಅಂತೀರಿ. ಮಳೆಗಾಲಕ್ಕೆ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ತೋರಿಸ್ತಾರೆ. ಹಾಕಲ್ಲ ಅಂತೀರಾ? ಹಾಗಂತ ಹೆದರಲೂ ಬೇಡಿ. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಬರ್ತಾ ಇದೆ. ಹೆಸರು ನೋಡಿದ್ರೆ ಅಡಿಕೆ ಬಿಟ್ಟು ಬೇರೇನೂ ಇರಬಾರದು. ಅದೇ ಪತ್ರಿಕೆ ನೀರಿಂಗಿಸೋದರ ಬಗ್ಗೆ ಬರೀತು, ನಿಮ್ಮ ಇದೇ ಹಲಸಿನ ಬಗ್ಗೆ ಸಂಚಿಕೆ ಸಂಚಿಕೆ ಬರೀತು. ರೈತರು "ಅಡಿಕೆ ಎಲ್ಲಿ?" ಅಂತ ಜಗಳ ತೆಗೀಲಿಲ್ಲ. ಅತ್ತ ಅಮೆರಿಕದಲ್ಲಿ ಪೆಟ್ಸ್ ಡಾಟ್ ಕಾಮ್. ಅದಕ್ಕಿಂತ ಚೊಕ್ಕ ಕೀವರ್ಡ್ ಇನ್ನೆಲ್ಲಿದೆ? 2000ದ ಫೆಬ್ರವರಿಯಲ್ಲಿ ಷೇರು ಪೇಟೆಗೆ ಬಂದದ್ದು ಅದೇ ನವೆಂಬರಿನಲ್ಲಿ ಅಂಗಡಿ ಮುಚ್ಚಿತು. ನಾಯಿ ತಿಂಡಿಯ ಭಾರದ ಮೂಟೆಗಳನ್ನ ನಷ್ಟಕ್ಕೆ ಮಾರಿ ಮನೆಮನೆಗೆ ತಲುಪಿಸೋ ಖರ್ಚನ್ನ ಹೆಸರು ಕಟ್ಟಲಿಲ್ಲ.

ಹಪ್ಪಳ ಹಗುರ, ಅದೊಂದು ಪುಣ್ಯ. ಆದ್ರೆ ದಾರೀಲಿ ಪುಡಿಯಾಗದೆ ಕಲಬುರಗಿವರೆಗೆ ಹೋಗಬೇಕಲ್ಲ, ಡಬ್ಬಿ ಯಾವುದು? ಈ ಪ್ರಶ್ನೆ ಕೇಳಿದ ಕೂಡಲೇ ನಿಮಗೆ ಆಕಳಿಕೆ ಬಂತು ನೋಡಿ. ಹೆಸರಿನ ಮಾತಾದ್ರೆ ಬೆಳಗಿನ ಜಾವದವರೆಗೂ ಎಚ್ಚರ. ಜನ ಹುಡುಕೋದು ಬಕ್ಕೆ ಹಲಸಾ ಬಿಳುವಾನಾ, ಸೊಳೆ ಎಷ್ಟು ಬೇಯಬೇಕು, ಮಳೆಗಾಲದಲ್ಲಿ ಮೆತ್ತಗಾದ್ರೆ ಏನು ಮಾಡೋದು ಅಂತ. ಅದು ದೊಡ್ಡಮ್ಮನಿಗೆ ಗೊತ್ತು. ಒಂದು ಮಧ್ಯಾಹ್ನ ಅವರ ಪಕ್ಕ ಕೂತು, ಎರಡು ಹಾಳೆ ನಡುವೆ ಉಂಡೆ ಇಟ್ಟು ಮಣೆಯಲ್ಲಿ ಒತ್ತೋದನ್ನ ವೀಡಿಯೊ ಮಾಡಿದ್ರೆ ಅರ್ಧ ಸೈಟು ಮುಗೀತು. ನೀವು ಅವರಿಗೆ ಫೋನ್ ಮಾಡಿದ್ದು ಯುಗಾದಿಗೆ.

ಸರಿ, ಅಷ್ಟು ಕಾಡ್ತಾ ಇದ್ದೀರಿ ಅಂತ ನನ್ನ ಲೆಕ್ಕ ಹೇಳ್ತೀನಿ. ಎರಡೇ ಪದ. ಡ್ಯಾಶ್ ಬೇಡ, ಅಂಕಿ ಬೇಡ. ಒಂದು ಪದ ನಿಮ್ಮದು, ಇನ್ನೊಂದು ಮಾಲಿನದು. ದೊಡ್ಡಮ್ಮನ ಹಪ್ಪಳ ಅಂತಿಡಿ, ಡಾಟ್ ಇನ್ ಸಾಕು. "ಹಲಸು" ಅನ್ನೋ ಪದ ಹಪ್ಪಳದ ಪುಟದ ತಲೆಬರಹದಲ್ಲಿ ಇರಲಿ, ಗೂಗಲ್ ಅಲ್ಲೂ ಓದುತ್ತೆ. ತಗೊಳ್ಳೋ ಮುಂಚೆ, ಹಳೇ ವೆಬ್ ಪುಟಗಳನ್ನ ಕೂಡಿಡೋ ವೇಬ್ಯಾಕ್ ಮಷೀನಲ್ಲಿ ಒಂದು ಸಲ ಇಣುಕಿ, ಆ ಹೆಸರಲ್ಲಿ ಹಿಂದೆ ಯಾರಾದ್ರೂ ರಮ್ಮಿ ಆಡಿಸ್ತಿದ್ರಾ ಅಂತ.

"ದೊಡ್ಡಮ್ಮ ಅಂತ ಬರೆಯೋವಾಗ ಎಷ್ಟು ಡಿ, ಎಷ್ಟು ಎಂ" ಅಂತ ಶುರು ಮಾಡಿದ್ರಲ್ಲ ಮತ್ತೆ! ಡಿ ಮೂರು, ಎಂ ಎರಡು. ಹಪ್ಪಳಕ್ಕೆ ಪಿ ಎರಡು, ಎಲ್ ಒಂದು. ಸಾಕು, ಫೋನ್ ಕೆಳಗಿಡಿ.

ಅಂದ ಹಾಗೆ, ಹೋದ ವರ್ಷ ತಗೊಂಡ ಆ ಸಾವಯವ ಬೆಲ್ಲದ ಹೆಸರು ಏನಾಯ್ತು? ಅದರ ಹಿಂದಿನ ವರ್ಷದ ತಾರಸಿ ತೋಟದ್ದು? ಅದು ಬೇರೆ ಇತ್ತಾ, ಕೊರೊನಾ ಕಾಲದ ಯೋಗದ್ದು? ಎಲ್ಲಕ್ಕೂ ಆಟೋ ರಿನ್ಯೂವಲ್ ಆನ್ ಇದೆ, ಕಾರ್ಡಿಂದ ದುಡ್ಡು ಹೋಗ್ತಾ ಇದೆ, ಮನೇಲಿ ಕೇಳಿದ್ರೆ ಕ್ಲೌಡ್ ಸ್ಟೋರೇಜ್ ಅಂತೀರಿ. ಪರವಾಗಿಲ್ಲ, ನಾನು ಬಾಯಿ ಬಿಡಲ್ಲ. ಬದಲಿಗೆ ಎರಡು ಕಟ್ಟು ಹಪ್ಪಳ ಕಳಿಸಿ, ಖಾರ ಸ್ವಲ್ಪ ಮುಂದಿರಲಿ.